ಮಾತೂ ಕೈಕೆಲಸವೇ

(ಚಿತ್ರದುರ್ಗದಲ್ಲಿ ನರ್ಸಿಂಗ್ ಕೊನೆಯ ವರ್ಷದಲ್ಲಿರುವ ಓದುಗರೊಬ್ಬರ ಪತ್ರ: 'ಒಳ್ಳೆಯ ಸೂಲಗಿತ್ತಿಗೆ ಏನು ಬೇಕು ಅಂತ ತರಗತಿಯಲ್ಲಿ ಕೇಳಿದರು. ಹೆಚ್ಚಿನವರು ತಾಳ್ಮೆ, ಒಳ್ಳೆಯ ಮಾತು ಎಂದೆವು. ಮಾತಿನಿಂದ ಹೆರಿಗೆ ಆಗಲ್ಲ, ಕೆಲಸ ಗೊತ್ತಿರಬೇಕು ಎಂದರು ಕೆಲವರು. ಯಾರು ಸರಿ? ಹಿರಿಯ ನರ್ಸ್ ಗದರುವಾಗ ನಾವೇನು ಮಾಡಬೇಕು?')

ಪ್ರೀತಿಯ ತಂಗಿ,

ಬ್ರಿಟನ್, ಆಸ್ಟ್ರೇಲಿಯಾದ ವಿದ್ಯಾರ್ಥಿನಿಯರನ್ನು ಕೇಳಿದಾಗಲೂ ಮಾತು, ಕರುಣೆ, ಕೆಲಸದ ಅರಿವು ಎಲ್ಲವೂ ಬಂದಿವೆ. ಆದರೆ ಮಾತು ಬೇರೆ, ಕೆಲಸ ಬೇರೆ ಅಂತ ನೀವು ಎರಡು ಗುಂಪಾದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಮೊಳಕಾಲ್ಮುರು ಕಡೆಯಿಂದ ಚೊಚ್ಚಲ ಹೆರಿಗೆಗೆ ಬಂದ ಹುಡುಗಿ ಬಂದ ಕೂಡಲೇ ಬೈಸಿಕೊಂಡರೆ ಆಮೇಲೆ ಬಾಯೇ ಬಿಡುವುದಿಲ್ಲ. ತಲೆ ಸಿಡಿಯುತ್ತಿದ್ದರೂ, ಕಣ್ಣು ಮಂಜಾದರೂ ಸುಮ್ನೆ ಮಲಗಿರುತ್ತಾಳೆ. ಅದು ಬಿಪಿ ಏರಿ ಫಿಟ್ಸ್ ಬರುವ ಸೂಚನೆ ಇರಬಹುದು. ಹೆರಿಗೆಯಾದ ಮೇಲೆ ಬಟ್ಟೆ ಒದ್ದೆಯಾಗುತ್ತಿದ್ದರೂ ಹೇಳಲು ಅಂಜುತ್ತಾಳೆ. ರಕ್ತ 500 ಮಿಲಿಲೀಟರ್ ದಾಟಿದರೆ ಅಪಾಯ ಅಂತ ನೀವು ಓದಿದ್ದೀರಿ. ಮಗು ಹುಟ್ಟಿದ ಒಂದು ನಿಮಿಷದೊಳಗೆ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಕೊಡುವುದು, ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡುವುದು ಕೈಗೆ ಕೂರಲೇಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಎಷ್ಟೋ ವಿಷಯ ಅವಳು ಬಾಯಿ ಬಿಟ್ಟರಷ್ಟೇ ತಿಳಿಯುವುದು, ಅಲ್ವಾ?

ನಿಮ್ಮ ಜಿಲ್ಲೆಯದೇ ಒಂದು ಸಂಗತಿ. ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ, ಮಗುವನ್ನು ಹಟ್ಟಿಯಾಚೆ ಗುಡಿಸಲಲ್ಲಿ ಇರಿಸುವ ರೂಢಿ ಇದೆ. ಡಿಸ್ಚಾರ್ಜ್ ಮಾಡುವಾಗ 'ಊರಿಗೆ ಹೋದ ಮೇಲೆ ಎಲ್ಲಿರ್ತೀಯಮ್ಮ?' ಅಂತ ಕೇಳಿ. ಹೀಯಾಳಿಸಿ ಕೇಳಿದರೆ ಮುಚ್ಚಿಡುತ್ತಾಳೆ. ಅಕ್ಕರೆಯಿಂದ ಕೇಳಿದರೆ ಹೇಳುತ್ತಾಳೆ. ಆಗ ಮಗುವನ್ನು ಎದೆಗಪ್ಪಿ ಬೆಚ್ಚಗಿಡುವುದನ್ನು ತೋರಿಸಿಕೊಡಬಹುದು, ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಬಹುದು. ನನಗೆ ಇದು ಇಂಜೆಕ್ಷನ್ ಕೊಡುವಷ್ಟೇ ದೊಡ್ಡ ಕೆಲಸ.

ಪಕ್ಕದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಶಾಲೆ ಕಲಿತವರಲ್ಲ. ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾಗಂತ ಆಸ್ಪತ್ರೆ ಬಿಟ್ಟು ಮನೆಯಲ್ಲೇ ಹೆರಿಗೆ ಆಗಲಿ ಅಂತ ನಾನು ಹೇಳುತ್ತಿಲ್ಲ. ಅದೇ ವರ್ಷ ಕೇಂದ್ರ ಸರ್ಕಾರ ನರ್ಸ್‌ಗಳಿಗೆ 18 ತಿಂಗಳ ಸೂಲಗಿತ್ತಿ ತರಬೇತಿಯ ಮಾರ್ಗಸೂಚಿ ತಂದಿತು. ಹೆರುವವಳನ್ನು ಗೌರವದಿಂದ ನೋಡಿಕೊಳ್ಳುವುದು ಅದರಲ್ಲೂ ಪಾಠವೇ.

ಇನ್ನು ಗದರುವ ಹಿರಿಯರ ವಿಷಯ. ಅಲ್ಲೇ ಜಗಳಕ್ಕೆ ನಿಲ್ಲಬೇಡಿ, ತೊಂದರೆ ಹೆರುವವಳಿಗೇ. ಅವಳ ತಲೆಯ ಬಳಿ ನಿಂತು ಹೆಸರು ಹಿಡಿದು ಮಾತಾಡಿಸಿ. ಆಮೇಲೆ ನಿಮ್ಮ ಟೀಚರ್‌ಗೆ ಹೇಳಿ. ಒಬ್ಬರೇ ಹೇಳಲು ಅಳುಕಾದರೆ ನಾಲ್ಕೈದು ಜನ ಸೇರಿ ಹೋಗಿ. ಯಾರಾದರೂ ಕೈ ಎತ್ತಿದರೆ ಮಾತ್ರ ಆಮೇಲೆ ಅನ್ನಬೇಡಿ, ಆಗಲೇ ಡಾಕ್ಟರನ್ನು ಕರೆಯಿರಿ.

ತರಗತಿಯಲ್ಲಿ ಬರೆದ ಉತ್ತರಗಳನ್ನು ಗೆಳತಿಯರನ್ನು ಕೇಳಿ ಕಳಿಸಿ. ಹೆಸರು ಹಾಕದೆ ಪ್ರಕಟಿಸುತ್ತೇವೆ.

— ಸಂಪಾದಕ