ಮಗಳನ್ನು ಕೇಳದೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಬಹುದಾ?

ನಿಮ್ಮ ಮಗಳಿಗೆ ಹತ್ತು ತಿಂಗಳು, ಎರಡೂ ಕಿವಿ ಕೇಳಿಸುವುದಿಲ್ಲ, ಡಾಕ್ಟರು ಕಾಕ್ಲಿಯರ್ ಇಂಪ್ಲಾಂಟ್ (ಸದ್ದನ್ನು ವಿದ್ಯುತ್ ಸಂಕೇತ ಮಾಡಿ ಕಿವಿಯ ನರಕ್ಕೆ ಮುಟ್ಟಿಸುವ, ಆಪರೇಷನ್ ಮಾಡಿ ಕೂರಿಸುವ ಸಾಧನ) ಮಾಡಿಸಿ ಅಂದಿದ್ದಾರೆ. ಅವಳ ಒಪ್ಪಿಗೆ ಇಲ್ಲದೆ ಮಾಡಿಸುವುದು ತಪ್ಪಲ್ವಾ, ದೊಡ್ಡವಳಾದ ಮೇಲೆ ಅವಳೇ ನಿರ್ಧರಿಸಲಿ ಅಂತ ಬಿಡಬಹುದಾ ಅಂತ ಕೇಳಿದ್ದೀರಿ. ನಾನು ಆ ಮಗುವಿನ ಜಾಗದಲ್ಲಿ ಇದ್ದವಳು. ಮೂರು ವರ್ಷಕ್ಕೆ ಇಂಪ್ಲಾಂಟ್ ಆಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವುದಾದರೂ ಯಾವ ಭಾಷೆಯಲ್ಲಿ?

ಕಾಯುವುದೂ ಒಂದು ನಿರ್ಧಾರವೇ. ಹುಟ್ಟು ಕಿವುಡು ಮಗುವಿಗೆ ಮೊದಲ ಮೂರ್ನಾಲ್ಕು ವರ್ಷದಲ್ಲಿ ಶಬ್ದ ಸಿಗದಿದ್ದರೆ, ಸದ್ದನ್ನು ಮಾತಾಗಿ ಬಿಡಿಸಿಕೊಳ್ಳುವುದು ಮಿದುಳಿಗೆ ಕಷ್ಟವಾಗುತ್ತಾ ಹೋಗುತ್ತದೆ. ಅದಕ್ಕೇ ಅಮೆರಿಕದಲ್ಲಿ 1990ರಲ್ಲಿ ಎರಡು ವರ್ಷ ಇದ್ದ ಕನಿಷ್ಠ ವಯಸ್ಸು 2000ದಲ್ಲಿ 12 ತಿಂಗಳಿಗೆ, 2020ರಲ್ಲಿ 9 ತಿಂಗಳಿಗೆ ಇಳಿಯಿತು. ಹದಿನೆಂಟಾದ ಮೇಲೆ ಆರಿಸಿಕೊಳ್ಳಲಿ ಅಂತ ಎತ್ತಿಟ್ಟರೆ, ಆ ಆಯ್ಕೆ ಅಷ್ಟರಲ್ಲಿ ಹಳಸಿರುತ್ತದೆ.

ಹಾಗಂತ ಇದು ಕನ್ನಡಕ ಹಾಕಿದಷ್ಟು ಸುಲಭ ಅಲ್ಲ. ಕಿವಿಯ ಹಿಂದೆ ಚರ್ಮದಡಿ ಒಂದು ಭಾಗ ಕೂರಿಸಿ, ಸಣ್ಣ ತಂತಿಯೊಂದನ್ನು ಒಳಗಿವಿಗೆ ತೂರಿಸುತ್ತಾರೆ. ತಂತಿಯಲ್ಲಿರುವುದು ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡ್, ಅಂದರೆ ನರಕ್ಕೆ ಸಂಕೇತ ಮುಟ್ಟಿಸುವ ಬಿಂದುಗಳು. ಕೇಳುವವರ ಕಿವಿಯಲ್ಲಿ ಆ ಕೆಲಸ ಮಾಡುವ ಜೀವಕೋಶಗಳೇ ಸುಮಾರು 3,500. ಚೂರುಪಾರು ಉಳಿದಿರುವ ಶ್ರವಣವೂ ಆಪರೇಷನ್‌ನಲ್ಲಿ ಹೋಗಬಹುದು. ಸ್ವಿಚ್ ಆನ್ ಮಾಡಿದಾಗ ಮಗು ನಗುವ ವಿಡಿಯೋ ನೋಡಿರುತ್ತೀರಿ. ನಾನು ಕಿರುಚಿ ಮೇಜಿನ ಕೆಳಗೆ ಸೇರಿಕೊಂಡೆನಂತೆ. ಆಮೇಲೆ ವರ್ಷಗಟ್ಟಲೆ ಮ್ಯಾಪಿಂಗ್ (ಸಾಧನವನ್ನು ನಮ್ಮ ಕಿವಿಗೆ ಹೊಂದಿಸುವುದು), ಸ್ಪೀಚ್ ಥೆರಪಿ. ಎದುರಿಗೆ ಒಬ್ಬರಿದ್ದರೆ ಈಗ ಆರಾಮಾಗಿ ಮಾತಾಡುತ್ತೇನೆ. ನಾಲ್ಕು ಜನ ಒಟ್ಟಿಗೆ ಬಾಯಿ ಬಿಟ್ಟರೆ ಎಲ್ಲ ಕಲಸುಮೇಲೋಗರ.

ಆಪರೇಷನ್ ಬಗ್ಗೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಕೈ ಕಟ್ಟಿಹಾಕಿದ್ದರ ಬಗ್ಗೆ. "ಕೈ ಆಡಿಸಿದರೆ ಬಾಯಿ ಬರಲ್ಲ" ಅಂತ ಥೆರಪಿಸ್ಟ್ ಹೇಳಿದರು, ಅಮ್ಮ ನಂಬಿದಳು. ನೀರಿನ ಲೋಟ ಎದುರಿಗೇ ಇರುತ್ತಿತ್ತು. ನಾನು ಕೈ ತೋರಿಸಿದರೆ ಎರಡೂ ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, 'ನೀರು' ಅನ್ನುವವರೆಗೂ ಬಿಡುತ್ತಿರಲಿಲ್ಲ. ಈ ನಂಬಿಕೆ ಹಳೆಯದು. 1880ರಲ್ಲಿ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಸಮ್ಮೇಳನವೊಂದು, ಪಾಠದಲ್ಲಿ ಸನ್ನೆ ಭಾಷೆ ಬೇಡ ಅಂತ ತೀರ್ಮಾನಿಸಿತು. ಸೇರಿದ್ದವರು ಬಹುತೇಕ ಕಿವಿ ಕೇಳುವವರೇ! ಅದು ತಪ್ಪಾಯಿತು ಅಂತ, ಕೆನಡಾದ ವ್ಯಾಂಕೂವರಿನಲ್ಲಿ ನಡೆದ ಅದೇ ಸರಣಿಯ ಸಮ್ಮೇಳನದಲ್ಲಿ ವಿಷಾದ ಹೇಳಿದ್ದು 2010ರಲ್ಲಿ.

ಮಲಗುವಾಗ, ಸ್ನಾನಕ್ಕೆ ಹೋಗುವಾಗ, ಸದ್ದು ಹಿಡಿದು ಒಳಗಿನ ಭಾಗಕ್ಕೆ ಕಳಿಸುವ ಹೊರಗಿನ ಪ್ರೊಸೆಸರ್ ತೆಗೆದಿಡುತ್ತೇವೆ. ಆಗ ನಾನು ಪೂರ್ತಿ ಕಿವುಡಿ. ಚಿಕ್ಕವಳಿದ್ದಾಗ ಒಂದು ರಾತ್ರಿ ಜೋರು ಜ್ವರ. ಅಮ್ಮ ಪಕ್ಕದಲ್ಲೇ ಕೂತು ಏನೋ ಹೇಳುತ್ತಿದ್ದಳು. ಕತ್ತಲಲ್ಲಿ ತುಟಿ ಕಾಣುತ್ತಿರಲಿಲ್ಲ. ಕೈಗೆ ಇಬ್ಬರಿಗೂ ಭಾಷೆ ಇರಲಿಲ್ಲ. ಸುಮ್ನೆ ತಲೆ ಸವರುತ್ತಾ ಕೂತಳು. ಸನ್ನೆ ಭಾಷೆ ಕಲಿತಾಗ ನನಗೆ ಹತ್ತೊಂಬತ್ತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡಿಸುತ್ತಿದ್ದೆ. ಆದರೆ ಆಪರೇಷನ್ ದಿನಕ್ಕೆ ಕಾಯದೆ ಈ ವಾರವೇ ಮನೆಯವರೆಲ್ಲ ಸನ್ನೆ ಕಲಿಯಲು ಶುರು ಮಾಡುತ್ತಿದ್ದೆ. ಇಂಪ್ಲಾಂಟ್ ಚೆನ್ನಾಗಿ ಕೆಲಸ ಮಾಡದಿದ್ದರೂ ಮಗುವಿಗೆ ಒಂದು ಭಾಷೆ ಇರುತ್ತದೆ. ಚೆನ್ನಾಗಿ ಕೆಲಸ ಮಾಡಿದರೆ ಎರಡಿರುತ್ತದೆ. ಕಿವುಡು ದೊಡ್ಡವರನ್ನೂ ಒಮ್ಮೆ ಭೇಟಿಯಾಗಿ, ಇಂಪ್ಲಾಂಟ್ ಬೇಡ ಅನ್ನುವವರನ್ನೂ ಸೇರಿಸಿ. ಕಿವುಡುತನ ರಿಪೇರಿ ಮಾಡಬೇಕಾದ ವಸ್ತು ಅಲ್ಲ ಅನ್ನುವ ಅವರ ಮಾತನ್ನು ಹಟ ಅಂತ ತಳ್ಳಿಹಾಕಬೇಡಿ. ಇನ್ನೊಂದು, ನೆಂಟರೆದುರು ಅವಳು ಎಲ್ಲರ ಹಾಗೆ ಕಾಣಲಿ ಅನ್ನೋ ಆಸೆ ಇದರಲ್ಲಿ ಎಷ್ಟಿದೆ ಅಂತ ನೀವಿಬ್ಬರೇ ಕೂತು ಮಾತಾಡಿಕೊಳ್ಳಿ. ಸ್ವಲ್ಪ ಇರುತ್ತದೆ, ನಮ್ಮ ಮನೆಯಲ್ಲಿ ಜಾಸ್ತಿಯೇ ಇತ್ತು.

ಒಪ್ಪಿಗೆ ಕೇಳುವ ಕಾಲ ಆಮೇಲೂ ಬರುತ್ತದೆ. ಎಂಟು ಹತ್ತು ವರ್ಷದ ಹುಡುಗಿ ಸಾಕಾಯ್ತು ಅಂತ ಪ್ರೊಸೆಸರ್ ತೆಗೆದಿಟ್ಟರೆ ಗದರಬೇಡಿ. ಸದ್ದು ಕೇಳಿ ಕೇಳಿ ತಲೆ ದಣಿಯುತ್ತದೆ. ನನ್ನದು ಈಗ ಮೇಜಿನ ಮೇಲಿದೆ, ಈ ಉತ್ತರ ಪೂರ್ತಿ ಬರೆದಿದ್ದು ಅದಿಲ್ಲದೆಯೇ.