ಕಣ್ಣಿಗೆ ಸುಣ್ಣ ಸಿಡಿದರೆ

ಪ್ರಶ್ನೆ: ಎಲೆಅಡಿಕೆ ಸುಣ್ಣದ ಪ್ಯಾಕೆಟ್ ಒಡೆದು ಮಗುವಿನ ಕಣ್ಣಿಗೆ ಸಿಡಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕೇ?

ಉತ್ತರ: ಮೊದಲು ನೀರು, ಆಮೇಲೆ ಆಟೋ. ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ಕನಿಷ್ಠ 30 ನಿಮಿಷ ನೀರು ಸುರಿಯಿರಿ. ಮಗು ಚೀರಾಡುತ್ತದೆ, ಇನ್ನೊಬ್ಬರು ತಲೆ ಹಿಡಿದುಕೊಳ್ಳಲಿ. ಕಾಣುವ ಚೂರನ್ನು ಒದ್ದೆ ಹತ್ತಿಯಿಂದ ಮೆಲ್ಲಗೆ ತೆಗೆಯಿರಿ, ಉಜ್ಜಬೇಡಿ. ಎಣ್ಣೆ, ಎದೆಹಾಲು ಬೇಡ. ಸುಣ್ಣಕ್ಕೆ ಹುಳಿ ಮದ್ದೆಂದು ನಿಂಬೆರಸ ಹಿಂಡುವುದಂತೂ ಅನಾಹುತ.

ಸುಣ್ಣ ಕ್ಷಾರ, ಸಾಮಾನ್ಯವಾಗಿ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಮೇಲ್ರೆಪ್ಪೆಯಡಿ ಕಚ್ಚಿಕೊಂಡ ಚೂರು ಸುಡುತ್ತಲೇ ಇರುತ್ತದೆ. ಹಾಗಾಗಿ ಉರಿ ಇಳಿದರೂ ಅಂದೇ, ಪ್ಯಾಕೆಟ್ ಸಮೇತ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಅವರು ರೆಪ್ಪೆ ಮಗುಚಿ ನೋಡಬೇಕು. ಕಣ್ಣು ಕೆಂಪಾಗದೆ ಬೆಳ್ಳಗಿದೆಯೆಂದು ಸಮಾಧಾನಪಡಬೇಡಿ. ರಕ್ತನಾಳ ಸುಟ್ಟುಹೋದಾಗಲೂ ಬಿಳುಪೇ ಕಾಣುತ್ತದೆ.