ನೀರು ಬರದಿದ್ದರೂ ಬೋರ್‌ವೆಲ್ ಇನ್ನೂ ಆಳಕ್ಕೆ ಕೊರೆಸುವುದು ಯಾಕೆ?

ಆಗಲೇ ಹಾಕಿದ ದುಡ್ಡು ಎಳೆಯುತ್ತದೆ, ಅದಕ್ಕೆ. ವಿಜಯಪುರದ ಹತ್ತಿರ ನಮ್ಮ ಕಾಕಾ ಅವರ ಹೊಲದಲ್ಲಿ 400 ಅಡಿ ದಾಟಿದರೂ ಬರೀ ಬೂದು ಬಣ್ಣದ ಒಣ ಪುಡಿ ಹಾರುತ್ತಿತ್ತು. ಕಾಕಾ ಟವೆಲ್‌ನಿಂದ ಮುಖ ಒರೆಸಿಕೊಂಡು, "ಇಷ್ಟ್ ಹಾಕೇವಿ, ಇನ್ನೊಂದ್ ನೂರ್ ಫೂಟ್ ಹೊಡೀರಿ" ಎಂದರು. ಇಲ್ಲಿನ ಬಸಾಲ್ಟ್ ಕಲ್ಲಿನಲ್ಲಿ ನೀರು ಸಿಗುವುದು ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕು ಕಡಿಮೆ. ಹಾಕಿದ ದುಡ್ಡಿಗೂ ಕೆಳಗಿನ ನೀರಿಗೂ ಸಂಬಂಧವೇ ಇಲ್ಲ, ಅಲ್ವಾ?

1985ರಲ್ಲಿ ಆರ್ಕಿಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಸಂಶೋಧಕರು ಈ ಎಳೆತವನ್ನು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಬುದ್ಧಿ ಕಡಿಮೆ ಅಂತಲ್ಲ, ಎಲ್ಲರಿಗೂ ಹೀಗಾಗುತ್ತದೆ. ಬೋರ್ ಗಾಡಿ ಬರುವ ಮೊದಲೇ ಎಷ್ಟು ಅಡಿಗೆ ನಿಲ್ಲಿಸಬೇಕು ಅಂತ ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಆ ಹೊತ್ತಿಗೆ ಅವರು ಸುಮ್ನೆ ಚೀಟಿ ತೋರಿಸಿದರೂ ಸಾಕು.